ಪ್ಯಾಡ್ ಪೊಟ್ಟಣ ಕಸದ ಗಾಡಿ ಹತ್ತಿದ ಬಗೆ: ನನ್ನ ಅನುಭವ

ಬಳಸಿದ ಮುಟ್ಟಿನ ಪ್ಯಾಡನ್ನು ಹಳ್ಳಿಯ ಹೆಂಗಸರು ಪಂಚಾಯಿತಿಯ ಕಸದ ಗಾಡಿಗೆ ಹಾಕುವುದು ಆಗದ ಹೋಗದ ಮಾತು ಎಂದು ತಾಲ್ಲೂಕು ಮಟ್ಟದ ಸಭೆಗಳಲ್ಲಿ ಹಲವರು ನನ್ನೆದುರೇ ಹೇಳಿದ್ದರು. ಹಾಗೆ ಹೇಳಿದವರಲ್ಲಿ ಅನುಭವಸ್ಥ ಅಧಿಕಾರಿಗಳೂ ಇದ್ದರು, ಮಹಿಳಾ ಸ್ವಸಹಾಯ ಸಂಘಗಳು ಸೇರಿ ಮಾಡಿಕೊಂಡ ನಮ್ಮದೇ ಸಂಜೀವಿನಿ ಒಕ್ಕೂಟದ ಹಿರಿಯ ಸದಸ್ಯೆಯರೂ ಇದ್ದರು. ತುಮಕೂರು ಜಿಲ್ಲೆಯ ನಮ್ಮ ಪಂಚಾಯಿತಿಯಲ್ಲಿರುವ ಸುಮಾರು 900 ಮನೆಗಳ ಪೈಕಿ ಪ್ಯಾಡ್ ಬಳಸುವವರಿರುವ ಮನೆಗಳು 500ರಷ್ಟಿವೆ. ಬಳಸಿದ ಪ್ಯಾಡ್ ಸುತ್ತಿಡಲು ಒಕ್ಕೂಟದ ಮೂಲಕ ಹೋಗುವ ಕಾಗದದ ಪೊಟ್ಟಣಗಳ ಲೆಕ್ಕವನ್ನೂ ಗಾಡಿಗೆ ಬೀಳುವ ತೂಕವನ್ನೂ ಜೊತೆಗಿಟ್ಟು ಅಂದಾಜಿಸಿದರೆ, ಅವುಗಳಲ್ಲಿ 400ರ ಆಸುಪಾಸು ಮನೆಗಳವರು ಈಗ ತಪ್ಪದೆ ಹಾಕುತ್ತಿದ್ದಾರೆ. ಎರಡು ಮಳೆಗಾಲ ಕಳೆದರೂ ಈ ಏರ್ಪಾಡು ಕುಸಿದಿಲ್ಲವಾದ್ದರಿಂದ, ಇದೇ ಕೆಲಸದಲ್ಲಿರುವ ಇತರರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ತರಬೇತಿಗಳಲ್ಲಿ ಹೇಳುವ ಮೂಲ ಸಂಗತಿಗಳು ನಿಮಗೆಲ್ಲ ಗೊತ್ತಿರುವುದರಿಂದ ಅವನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ಪ್ಯಾಡ್ ಬಳಸಿರೆಂದು ಹೇಳುವ ಕೆಲಸ ಈಗ ಅಷ್ಟೇನೂ ಉಳಿದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 24 ವಯಸ್ಸಿನ ಗ್ರಾಮೀಣ ಮಹಿಳೆಯರಲ್ಲಿ ಮುಟ್ಟಿನ ಸಮಯದಲ್ಲಿ ಶುಚಿಯಾದ ಸಾಧನ ಬಳಸುವವರು 2015–16ರಲ್ಲಿ ನೂರಕ್ಕೆ 48ರಷ್ಟಿದ್ದರು, 2019–21ರ ಹೊತ್ತಿಗೆ 72ರಷ್ಟಾದರು. 2018ರ ಜುಲೈನಲ್ಲಿ ಪ್ಯಾಡಿನ ಮೇಲಿನ ಜಿಎಸ್‌ಟಿ ಹೋಯಿತು, 2019ರಲ್ಲಿ ಜನೌಷಧಿ ಕೇಂದ್ರಗಳಲ್ಲಿ ಒಂದು ರೂಪಾಯಿಗೆ ಒಂದು ಪ್ಯಾಡ್ ಸಿಗತೊಡಗಿತು, ಶಾಲೆಯ ಹುಡುಗಿಯರಿಗೆ ಉಚಿತವಾಗಿ ಪ್ಯಾಡ್ ಕೊಡುವ ಸರ್ಕಾರದ ಶುಚಿ ಯೋಜನೆಯಿತ್ತು. ಹೀಗೆ ಪ್ಯಾಡ್ ಮನೆಯೊಳಗೆ ಬರುವ ದಾರಿಗಳು ಹೆಚ್ಚಿದವು, ಹೊರಗೆ ಹೋಗುವ ದಾರಿ ಮಾತ್ರ ತೆರೆಯಲಿಲ್ಲ. ಕೆರೆ ಏರಿಯ ಪೊದೆ, ಬೇಲಿಯ ಸಂದು, ಹಾಳುಬಾವಿ, ಶೌಚಾಲಯದ ಗುಂಡಿ, ಇವೇ ಅದರ ಕೊನೆಯ ಜಾಗಗಳಾಗಿದ್ದವು.

ನಮ್ಮ ಕಡೆಯ ಒಂದು ಪ್ರೌಢಶಾಲೆಗೆ ದಾನಿಗಳಿಂದ ಪ್ಯಾಡ್ ಸುಡುವ ವಿದ್ಯುತ್ ಯಂತ್ರ ಬಂದಿತ್ತು, ಬೆಲೆ 35–40 ಸಾವಿರವೆಂದು ನೆನಪು. ಒಮ್ಮೆಗೆ ನಾಲ್ಕೈದು ಪ್ಯಾಡ್ ಹಾಕಬಹುದಾದ ಆ ಯಂತ್ರ ನಮ್ಮ ವೋಲ್ಟೇಜಿಗೆ ಸರಿಯಾಗಿ ಕಾಯುತ್ತಲೇ ಇರಲಿಲ್ಲ. ಪ್ಯಾಡಿನ ಒಳಗೆ ದ್ರವ ಹೀರಿಕೊಳ್ಳುವ ಜೆಲ್ ಅರ್ಧ ಬೆಂದು ತಟ್ಟೆಗೆ ಅಂಟಿಕೊಳ್ಳುತ್ತಿತ್ತು, ಹೊಗೆ ಕೊಳವೆ ಬಿಟ್ಟು ಬಾಗಿಲಿನಿಂದ ಬರುತ್ತಿತ್ತು, ಸುಟ್ಟ ವಾಸನೆ ಬಂದ ಕೂಡಲೇ ಯಾರೋ ಒಬ್ಬ ಹುಡುಗಿ ಒಳಗೆ ಹೋಗಿದ್ದಾಳೆಂದು ತರಗತಿಗೆಲ್ಲ ಗೊತ್ತಾಗುತ್ತಿತ್ತು. ಒಂದೂವರೆ ವರ್ಷದೊಳಗೆ ಕಾಯಿಲ್ ಸುಟ್ಟುಹೋಯಿತು. ಮಾರಿದವರಿಗೆ ಫೋನ್ ಮಾಡಿದರೆ ಹೊಸ ಯಂತ್ರದ ಬೆಲೆ ಹೇಳಿದರೇ ಹೊರತು ರಿಪೇರಿಗೆ ಬರಲಿಲ್ಲ. ಪ್ಯಾಡಿನ ಮೇಲುಹೊದಿಕೆ ಮತ್ತು ತಳ ಎರಡೂ ಪ್ಲಾಸ್ಟಿಕ್. ಕಡಿಮೆ ಉರಿಯಲ್ಲಿ ಅದನ್ನು ಸುಟ್ಟರೆ ವಿಷದ ಹೊಗೆ ಏಳುತ್ತದೆ. ಜೈವಿಕ ವೈದ್ಯಕೀಯ ತ್ಯಾಜ್ಯ ಸುಡುವ ಕುಲುಮೆಗಳಲ್ಲಿ ಮೊದಲ ಕೋಣೆಗೆ ಕನಿಷ್ಠ 800 ಡಿಗ್ರಿ, ಎರಡನೆಯದಕ್ಕೆ 1050 ಡಿಗ್ರಿಯ ಆಸುಪಾಸು ಶಾಖ ಬೇಕೆಂದು ನಿಯಮವಿರುವುದು ಸುಮ್ಮನೆ ಅಲ್ಲ. ಮಡಕೆಗೆ ರಂಧ್ರ ಕೊರೆದು ಬೆರಣಿಯಿಂದ ಸುಡುವ ಪ್ರಯೋಗವನ್ನೂ ನಮ್ಮ ಹಿತ್ತಲಲ್ಲಿ ಮಾಡಿ ನೋಡಿದೆ. ಉಳಿದದ್ದು ಕಪ್ಪಗಾದ ಅಂಟುಮುದ್ದೆ. ಅಲ್ಲದೆ, ಮುಟ್ಟಿನ ರಕ್ತ ಸುಟ್ಟರೆ ಬಸಿರು ನಿಲ್ಲುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸುಡುವ ಕೆಲಸ ಮನೆಯ ಹತ್ತಿರ ನಡೆಯುವಷ್ಟು ದಿನ ಈ ಭಯದ ಎದುರು ಯಾವ ಮಾತೂ ನಿಲ್ಲುವುದಿಲ್ಲ.

ಒಕ್ಕೂಟದಿಂದ ಪ್ಯಾಡ್ ತಯಾರಿಸುವ ಆಲೋಚನೆಯೂ ಬಂದಿತ್ತು. ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಅವರ ಯಂತ್ರದ ಸುದ್ದಿ ಕೇಳಿ ಉತ್ಸಾಹಗೊಂಡವರಲ್ಲಿ ನಾವೂ ಇದ್ದೆವು. ಲೆಕ್ಕ ಹಾಕಿದಾಗ ಕಚ್ಚಾವಸ್ತು, ಕರೆಂಟು, ಕೂಲಿ ಸೇರಿ ಒಂದು ಪ್ಯಾಡಿಗೆ ಮೂರು ರೂಪಾಯಿಯ ಹತ್ತಿರ ಬಂತು. ಒಂದು ರೂಪಾಯಿಯ ಪ್ಯಾಡಿನ ಮುಂದೆ ಅದನ್ನು ಮಾರುವುದು ಸಾಧ್ಯವಿರಲಿಲ್ಲ, ಹಾಗಾಗಿ ಯಂತ್ರಕ್ಕೆಂದು ಸಾಲ ಮಾಡಲು ಹೋಗಲಿಲ್ಲ.

ಗಾಡಿಯ ದಾರಿ ನನಗೆ ಹೊಳೆದದ್ದು ಶೌಚಾಲಯದ ಗುಂಡಿಯಿಂದ. ಹಳ್ಳಿಯ ಶೌಚಾಲಯದ ಬೇಸಿನ್ನಿನಲ್ಲಿ ನಿಲ್ಲುವ ನೀರಿನ ಆಳ ಎರಡು ಸೆಂಟಿಮೀಟರ್ ಮಾತ್ರ, ಸುರಿಯುವ ನೀರೂ ಒಂದು ಬಕೆಟ್‌ಗಿಂತ ಕಡಿಮೆ. ಅಲ್ಲಿ ಹಾಕಿದ ಪ್ಯಾಡ್ ನೀರು ಕುಡಿದು ಉಬ್ಬಿ ಎರಡು ಗುಂಡಿಗಳಿಗೆ ಕವಲಾಗುವ ಚೇಂಬರಿನಲ್ಲಿ ಕೂತುಬಿಡುತ್ತದೆ. ದಾಟಿ ಗುಂಡಿಗೆ ಬಿದ್ದರೂ ಕರಗುವುದಿಲ್ಲ, ಗುಂಡಿ ತುಂಬಬೇಕಾದ ಕಾಲಕ್ಕಿಂತ ಬಹಳ ಬೇಗ ತುಂಬುತ್ತದೆ. ಹೀರುವ ಟ್ಯಾಂಕರ್ ಒಮ್ಮೆ ಬಂದುಹೋದರೆ ಎರಡು ಸಾವಿರ ರೂಪಾಯಿ ಖರ್ಚು. ಮುಟ್ಟಿನ ಮಾತೆತ್ತಿದರೆ ಎದ್ದು ಹೋಗುತ್ತಿದ್ದ ಗಂಡಸರು ಈ ಎರಡು ಸಾವಿರದ ಮಾತನ್ನು ಕೂತು ಕೇಳಿದರು. ಗ್ರಾಮಸಭೆಯಲ್ಲಿ ನಾನು ಮುಟ್ಟು ಎಂಬ ಪದವನ್ನು ಕೊನೆಯಲ್ಲಿ ಒಮ್ಮೆ ಬಳಸಿದೆ, ಉಳಿದದ್ದೆಲ್ಲ ಗುಂಡಿಯ ವಿಚಾರವೇ ಆಗಿತ್ತು.

ಪಂಚಾಯಿತಿಯನ್ನು ಒಪ್ಪಿಸಲು 2016ರ ಘನತ್ಯಾಜ್ಯ ನಿರ್ವಹಣಾ ನಿಯಮ ನೆರವಿಗೆ ಬಂತು. ಬಳಸಿದ ಪ್ಯಾಡನ್ನು ತಯಾರಕರು ಕೊಡುವ ಚೀಲದಲ್ಲಾಗಲಿ ತಕ್ಕ ಹೊದಿಕೆಯಲ್ಲಾಗಲಿ ಸುತ್ತಿ ಕೊಡಬೇಕೆಂದು ಅದರಲ್ಲಿ ಸ್ಪಷ್ಟವಾಗಿತ್ತು. ಪಂಚಾಯಿತಿಯ ಕಸದ ಗಾಡಿಯಾದ ಸ್ವಚ್ಛ ವಾಹಿನಿ ಆಗಲೇ ಓಡಾಡುತ್ತಿತ್ತು, ಅದನ್ನು ಓಡಿಸುವವಳೂ ಜೊತೆಗಿರುವವಳೂ ನಮ್ಮ ಒಕ್ಕೂಟದ ಹೆಣ್ಣುಮಕ್ಕಳೇ. ಆದರೂ ಮೊದಲ ಕೆಲವು ತಿಂಗಳು ಪೊಟ್ಟಣಗಳು ಬರಲೇ ಇಲ್ಲ.

ಕಾರಣ ತಿಳಿಯಲು ನನಗೆ ಅಷ್ಟು ಕಾಲ ಹಿಡಿಯಿತು. ಪುಣೆಯಲ್ಲಿ ಕಸ ಆಯುವ ಮಹಿಳೆಯರ ಸ್ವಚ್ಛ್ ಸಂಸ್ಥೆಯವರು ಪ್ಯಾಡಿನ ಪೊಟ್ಟಣದ ಮೇಲೆ ಕೆಂಪು ಚುಕ್ಕೆ ಇಡಿರೆಂದು ಮನೆಗಳವರನ್ನು ಕೇಳಿಕೊಂಡಿದ್ದರು. ಕಸ ಬಿಚ್ಚುವ ಕೈಗಳಿಗೆ ಅದು ರಕ್ಷಣೆ. ನಾವೂ ಅದನ್ನೇ ಅನುಸರಿಸಿದ್ದೆವು. ನಗರದಲ್ಲಿ ಪೊಟ್ಟಣ ಯಾರದೆಂದು ಯಾರೂ ಕೇಳುವುದಿಲ್ಲ, ಹಳ್ಳಿಯ ಬೀದಿಯಲ್ಲಿ ಆ ಚುಕ್ಕೆ ನಾಲ್ಕು ಮನೆಯಾಚೆಯ ಜಗಲಿಗೂ ಕಾಣುತ್ತದೆ. ಇವಳು ಈ ತಿಂಗಳು ಹೊರಗಾದಳು, ಅಂದರೆ ಬಸಿರಿಲ್ಲ, ಎಂದು ಬೀದಿಗೆಲ್ಲ ತಿಳಿಯುತ್ತದೆ. ಹೊಸದಾಗಿ ಮದುವೆಯಾದ ಹುಡುಗಿಯರು ಇದಕ್ಕೇ ಹೆದರಿದ್ದರು. ಕಸದವಳನ್ನು ಕಾಪಾಡಬೇಕಾದ ಗುರುತು ಮನೆಯವಳನ್ನು ಬಯಲಿಗೆ ತರುತ್ತಿತ್ತು.

ಅಂದೇ ಕೆಂಪು ಚುಕ್ಕೆ ತೆಗೆಸಿದೆ. ಹಳೆಯ ಪತ್ರಿಕೆಯಿಂದ ಮಾಡಿದ ಪೊಟ್ಟಣಕ್ಕೆ ಬಾಯಿ ಮುಚ್ಚುವಾಗ ಒಂದು ಬಗೆಯ ಮಡಿಕೆ ಹಾಕುವುದನ್ನು ಸಂಘದ ವಾರದ ಸಭೆಗಳಲ್ಲಿ ಹೆಂಗಸರಿಗೆ ಮಾತ್ರ ಕಲಿಸಿದೆವು. ನೋಡುವವರಿಗೆ ಅದು ಅಂಗಡಿಯಿಂದ ತಂದ ಸಾಮಾನಿನ ಪೊಟ್ಟಣದಂತಿರುತ್ತದೆ, ಗಾಡಿಯವಳ ಬೆರಳಿಗೆ ಮಾತ್ರ ಅದು ಬೇರೆಯೆಂದು ಗೊತ್ತಾಗುತ್ತದೆ. ಆ ಮಡಿಕೆ ಎಂಥದ್ದೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದರ ಗುಟ್ಟು ಉಳಿಯುವುದಿಲ್ಲ, ನೀವು ನಿಮ್ಮೂರಿಗೆ ನಿಮ್ಮದೇ ಮಡಿಕೆ ಹುಡುಕಿಕೊಳ್ಳುವುದು ಒಳ್ಳೆಯದು. ಗಾಡಿಯ ಪಕ್ಕಕ್ಕೆ ಮುಚ್ಚಳವಿರುವ ನೀಲಿ ಡ್ರಮ್ಮೊಂದನ್ನು ಕಟ್ಟಿ, ಮುಚ್ಚಳದಲ್ಲಿ ಅಂಗೈಯಗಲದ ಕಂಡಿ ಕೊರೆಸಿದೆವು. ಒಡೆದ ಗಾಜು, ಬ್ಲೇಡು, ಅವಧಿ ಮೀರಿದ ಮಾತ್ರೆಗಳನ್ನೂ ಅದೇ ಡ್ರಮ್ಮಿಗೆ ಹಾಕಬೇಕೆಂದು ಸಾರಿದ್ದರಿಂದ, ಡ್ರಮ್ಮಿನ ಬಳಿ ಬಂದವಳು ಏನು ಹಾಕಿದಳೆಂದು ಹೇಳಲು ಯಾರಿಗೂ ಬರುವುದಿಲ್ಲ. ಯಾರ ಕೈಗೂ ಕೊಡಬೇಕಾಗಿಲ್ಲ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಇದಾದ ಮೂರ್ನಾಲ್ಕು ವಾರಗಳಲ್ಲಿ ಡ್ರಮ್ಮಿನ ತಳ ಕಾಣದಾಯಿತು. ಆಗದೆಂದಿದ್ದ ಅಧಿಕಾರಿಯೊಬ್ಬರು ಈಚೆಗೆ ಬೇರೆ ಪಂಚಾಯಿತಿಯವರನ್ನು ನೋಡಲು ಕರೆತಂದಿದ್ದರು ಎಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಗಾಡಿ ವಾರಕ್ಕೆ ಎರಡು ಸಲ ಬರುವುದರಿಂದ ನಡುವಿನ ದಿನಗಳಲ್ಲಿ ವಾಸನೆಯ ತೊಂದರೆಯಿತ್ತು. ಅದಕ್ಕೆ ಹೆದರಿಯೇ ಅನೇಕರು ಪ್ಯಾಡನ್ನು ತೊಳೆದು ಹಿಂಡಿ ಎಸೆಯುತ್ತಿದ್ದರು. ರಕ್ತದ ಮೇಲೆ ಹಾವು ಹರಿದರೆ ದೋಷ, ಮಾಟಗಾರರ ಕೈಗೆ ಸಿಕ್ಕರೆ ಕೇಡು ಎಂಬ ಅಂಜಿಕೆಯೂ ಇತ್ತು. ತೊಳೆಯಲು ಹೋದರೆ ಜೆಲ್ ಒಡೆದು ಬಚ್ಚಲಿನ ಕೊಳವೆ ಕಟ್ಟುತ್ತದೆ. ಬಚ್ಚಲಮನೆಯ ಮೂಲೆಯಲ್ಲಿ ಮುಚ್ಚಳದ ಸಣ್ಣ ಡಬ್ಬಿ ಇಟ್ಟು, ಪ್ಯಾಡಿನ ಮೇಲೆ ಒಲೆಯ ಬೂದಿ ಉದುರಿಸಿ ಸುತ್ತುವುದನ್ನು ರೂಢಿ ಮಾಡಿಸಿದೆವು. ಬೂದಿಯ ಜೊತೆ ಇನ್ನೊಂದು ವಸ್ತು ಸೇರಿಸುತ್ತೇವೆ, ಅದರ ಪ್ರಮಾಣ ಕೈಯಲ್ಲಿ ತೋರಿಸಿದರೆ ಮಾತ್ರ ಸರಿಯಾಗಿ ಬರುವುದರಿಂದ ಬೇಕಾದವರು ಬಂದು ನೋಡಬಹುದು. ರಕ್ತದ ಕಲೆ ಬೂದಿಯಲ್ಲಿ ಮುಚ್ಚಿಹೋಗುವುದರಿಂದ ತೊಳೆಯಲೇಬೇಕೆಂಬ ಒತ್ತಾಯವೂ ಮನಸ್ಸಿನಿಂದ ಇಳಿಯಿತು. ನಂಬಿಕೆಯನ್ನು ಯಾರೂ ಬಿಡಬೇಕಾಗಲಿಲ್ಲ.

ಖರ್ಚಿನ ವಿಚಾರಕ್ಕೆ ಬರುತ್ತೇನೆ. ಹಳೆಯ ಪತ್ರಿಕೆ ಕಿಲೋಗೆ 20–25 ರೂಪಾಯಿ, ಒಂದು ಕಿಲೋದಲ್ಲಿ 70 ಪೊಟ್ಟಣ ಆಗುತ್ತವೆ. ಮೈದಾ ಅಂಟು ಮತ್ತು ಕೂಲಿ ಸೇರಿದರೆ ಪೊಟ್ಟಣಕ್ಕೆ 60–70 ಪೈಸೆ ಬೀಳುತ್ತದೆ. ಅಂಟಿಸುವ ಕೆಲಸ ಇಬ್ಬರು ವಯಸ್ಸಾದ ಸದಸ್ಯೆಯರದು. ಡ್ರಮ್ಮು, ಕೈಗವಸು, ಗಾಡಿಯ ಕಂಬಿ ಇವಕ್ಕೆ 15ನೇ ಹಣಕಾಸು ಆಯೋಗದ ನೈರ್ಮಲ್ಯದ ಬಾಬ್ತಿನಿಂದ ಹಣ ಸಿಕ್ಕಿತು. ಗಾಡಿಯ ಹೆಣ್ಣುಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಹಾಗೂ ಧನುರ್ವಾಯು ಲಸಿಕೆ ಹಾಕಿಸಿದ ಮೇಲೆಯೇ ಕೆಲಸ ಶುರುವಾದದ್ದು. ಈ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗಲಿಲ್ಲ.

ಪಂಚಾಯಿತಿಯ ಕಸ ವಿಂಗಡಿಸುವ ಘಟಕವಾದ ಸ್ವಚ್ಛ ಸಂಕೀರ್ಣದಿಂದ ಮುಂದಿನ ಸಾಗಾಟವೇ ಎಲ್ಲಕ್ಕಿಂತ ಕಷ್ಟವಾಯಿತು. ಆಸ್ಪತ್ರೆಯ ತ್ಯಾಜ್ಯವನ್ನು ಮೇಲೆ ಹೇಳಿದಂಥ ಕುಲುಮೆಗೆ ಒಯ್ಯುವ ಗಾಡಿ ದಿನ ಬಿಟ್ಟು ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುತ್ತದೆ. ನಮ್ಮದನ್ನೂ ಒಯ್ಯಿರೆಂದರೆ, ನೀವು ಆಸ್ಪತ್ರೆಯಲ್ಲವೆಂದು ಅವರು ಹಲವು ತಿಂಗಳು ಸತಾಯಿಸಿದರು. ಪಂಚಾಯಿತಿಯ ಠರಾವು, ವೈದ್ಯಾಧಿಕಾರಿಗಳ ಪತ್ರ, ಮುಂಗಡ ಹಣ, ಈ ಮೂರೂ ಸೇರಿದ ಮೇಲೆ ಒಪ್ಪಿದರು. ಈಗ ಪ್ಯಾಡಿನ ಪೊಟ್ಟಣಗಳನ್ನು ಸುಡುವ ಆಸ್ಪತ್ರೆ ತ್ಯಾಜ್ಯಕ್ಕೆಂದಿರುವ ಹಳದಿ ಚೀಲದಲ್ಲಿ ಕಟ್ಟಿ ತೂಗಿ ಕೊಡುತ್ತೇವೆ. ತಿಂಗಳಿಗೆ ಒಂದು ಕ್ವಿಂಟಾಲ್‌ಗಿಂತ ತುಸು ಹೆಚ್ಚು ಬರುತ್ತದೆ, ಕಿಲೋಗೆ 35 ರೂಪಾಯಿಯಂತೆ ನಾಲ್ಕು ಸಾವಿರದ ಆಸುಪಾಸು ಆಗುತ್ತದೆ. ಮನೆಯೊಂದಕ್ಕೆ ಪಡೆಯುವ 30 ರೂಪಾಯಿ ಕಸದ ಶುಲ್ಕದಲ್ಲಿ ಇದಕ್ಕೆ ಹೋಗುವುದು ನಾಲ್ಕೈದು ರೂಪಾಯಿ ಮಾತ್ರ.

ಪೊಟ್ಟಣ ಹಂಚುವ ನೆಪದಿಂದ ಶುಚಿತ್ವದ ಮಾತು ತಾನಾಗಿ ಬೆಳೆಯಿತು. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕೆಂದು ನಾನು ಮೊದಲೂ ಹೇಳುತ್ತಿದ್ದೆ, ಆದರೆ ಕೂಲಿಗೆ ಹೋದ ಕಡೆ ಬದಲಿಸಿದ್ದನ್ನು ಎಲ್ಲಿಡುವುದೆಂಬ ಪ್ರಶ್ನೆಗೆ ಆಗ ಉತ್ತರವಿರಲಿಲ್ಲ. ಈಗ ಬುತ್ತಿಯ ಬ್ಯಾಗಿನಲ್ಲಿ ಎರಡು ಪೊಟ್ಟಣ ಜೊತೆಗೆ ಹೋಗುತ್ತವೆ. ಬಟ್ಟೆ ಬಳಸುವ ಹಿರಿಯರ ತೊಡಕು ಬೇರೆಯದು. "ಬಿಸಿಲಿಗೆ ಹಾಕು ಅಂತೀಯಲ್ಲವ್ವ, ಮನೆ ಮುಂದೆ ಮಾವ ಕೂತಿರ್ತಾರೆ, ಹಿಂದೆ ಕೊಟ್ಟಿಗೇಲಿ ಆಳು ಇರ್ತಾನೆ, ಎಲ್ಲಿ ಹರವಲಿ ಹೇಳು" ಎಂದು ಒಬ್ಬಾಕೆ ಕೇಳಿದರು. ಸೀರೆಯ ಕೆಳಗೆ ಕತ್ತಲಲ್ಲಿ ಒಣಗಿದ ಬಟ್ಟೆಯಿಂದಲೇ ತುರಿಕೆ, ಸೋಂಕು ಬರುವುದು ಅವರಿಗೂ ಗೊತ್ತಿತ್ತು. ಮೂರು ಕಡೆ ಹೊಲಿಗೆಯಿರುವ ತೆಳು ಮಲ್‌ಮಲ್ ಬಟ್ಟೆಯ ದಿಂಬುಚೀಲದೊಳಗೆ ಅದನ್ನು ಒಂದೇ ಪದರವಾಗಿ ಹರಡಿ ತಂತಿಗೆ ನೇತುಹಾಕುವುದು ನಾವು ಕಂಡುಕೊಂಡ ಉಪಾಯ. ಬಿಸಿಲೂ ಗಾಳಿಯೂ ಒಳಗೆ ಹೋಗುತ್ತವೆ, ನೋಡುವವರಿಗೆ ದಿಂಬಿನ ಚೀಲ ಮಾತ್ರ ಕಾಣುತ್ತದೆ. ಮಧ್ಯಾಹ್ನ ಮೂರು ತಾಸು ಬಿಸಿಲು ಬಿದ್ದರೆ ಸಾಕು. ಮೊದಲು ತಣ್ಣೀರಲ್ಲಿ ನೆನೆಸಿ ಆಮೇಲೆ ಸೋಪು ಹಾಕಬೇಕು, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ಹತ್ತಿಯ ಬಟ್ಟೆ ಹಳತಾದರೆ ಸಗಣಿ ಗೊಬ್ಬರದ ಗುಂಡಿಯಲ್ಲಿ ಆಳವಾಗಿ ಹೂಳಬಹುದು, ಆರೇಳು ತಿಂಗಳಲ್ಲಿ ಕರಗಿರುತ್ತದೆ. ಅದೇ ಗುಂಡಿಯಲ್ಲಿ ಪರೀಕ್ಷೆಗೆಂದು ಹೂತಿದ್ದ ಅಂಗಡಿ ಪ್ಯಾಡಿನ ತಳದ ಹಾಳೆ ಹೊಸದರಂತೆಯೇ ಹೊರಬಂತು.

ದೇಹದೊಳಗೆ ಇಟ್ಟು ರಕ್ತ ಹಿಡಿಯುವ, ಕುದಿಸಿ ಮತ್ತೆ ಮತ್ತೆ ಬಳಸುವ ಮುಟ್ಟಿನ ಕಪ್ಪನ್ನೂ ಹದಿನೈದಿಪ್ಪತ್ತು ಹೆಂಗಸರೊಂದಿಗೆ ಪ್ರಯತ್ನಿಸಿದೆವು. ಚಾಮರಾಜನಗರ ಮತ್ತು ದಕ್ಷಿಣ ಕನ್ನಡದಲ್ಲಿ ಶುಚಿ ನನ್ನ ಮೈತ್ರಿ ಹೆಸರಿನಲ್ಲಿ ಸರ್ಕಾರವೇ ಕಪ್ ಕೊಟ್ಟಿದ್ದು ಧೈರ್ಯ ತಂದಿತ್ತು. ಅರ್ಧದಷ್ಟು ಜನ ಮುಂದುವರಿಸಿದ್ದಾರೆ. ಬಿಟ್ಟವರಲ್ಲಿ ಹೆಚ್ಚಿನವರಿಗೆ ಅಡ್ಡಿಯಾದದ್ದು ಕಪ್ಪಲ್ಲ, ಅದನ್ನು ಕುದಿಸುವ ಪಾತ್ರೆ. ಅಡುಗೆ ಒಲೆಯ ಮೇಲೆ ಅದನ್ನಿಡಲು ಅತ್ತೆ ಬಿಡುವುದಿಲ್ಲ. ಬಚ್ಚಲ ಒಲೆಗೆ ಹೊಂದುವ ಸಣ್ಣ ಸ್ಟೀಲ್ ಚೊಂಬೊಂದನ್ನು ಕಪ್ಪಿನ ಜೊತೆಗೇ ಕೊಟ್ಟ ಮೇಲೆ ಇಬ್ಬರು ಮೂವರು ಮರಳಿ ಬಂದಿದ್ದಾರೆ.

ಈಗ ನೀಲಿ ಡ್ರಮ್ಮಿಗೆ ಮಕ್ಕಳ ಡೈಪರ್‌ಗಳು ಬರತೊಡಗಿವೆ. ಒಂದು ಡೈಪರ್ ಏಳೆಂಟು ಪ್ಯಾಡಿನಷ್ಟು ತೂಗುವುದರಿಂದ ಹೀಗೇ ಆದರೆ ಕಿಲೋ ಲೆಕ್ಕದ ಬಿಲ್ಲು ಎರಡು ಪಟ್ಟಾಗುತ್ತದೆ. ಡೈಪರ್ ಬಳಸುವ ಮನೆಗಳಿಂದ ತಿಂಗಳಿಗೆ 20 ರೂಪಾಯಿ ಹೆಚ್ಚುವರಿ ಪಡೆಯಬೇಕೆಂದು ಒಕ್ಕೂಟದಿಂದ ಪಂಚಾಯಿತಿಗೆ ಬರೆದುಕೊಟ್ಟಿದ್ದೇವೆ, ಮುಂದಿನ ಸಾಮಾನ್ಯ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ.