ಇನ್ವರ್ಟರ್ ಬ್ಯಾಟರಿಗೆ ನೀರು ತುಂಬುವುದು ಹೇಗೆ? ಒಳಗಿರುವ ಗಂಧಕಾಮ್ಲವನ್ನು ತಿಳಿದು ತುಂಬಿ

ಬೇಸಿಗೆಯಲ್ಲಿ ಪದೇ ಪದೇ ಕರೆಂಟ್ ಹೋಗತೊಡಗಿದರೆ ಮೆಟ್ಟಿಲ ಕೆಳಗಿನ ಇನ್ವರ್ಟರ್ ಬ್ಯಾಟರಿಯ ನೀರೂ ಬೇಗ ಇಳಿಯುತ್ತದೆ. ಅದನ್ನು ತುಂಬುವುದು ಹತ್ತು ನಿಮಿಷದ ಕೆಲಸ. ಆದರೆ ಒಳಗಿರುವುದು ಗಂಧಕಾಮ್ಲ, ಅಂದರೆ ಸಲ್ಫ್ಯೂರಿಕ್ ಆಸಿಡ್. ಈ ಆಮ್ಲಕ್ಕೂ ನೀರಿಗೂ ಇರುವ ನಂಟು ಗೊತ್ತಿದ್ದರೆ ಅರ್ಧ ಅಪಾಯ ಅಲ್ಲೇ ತಪ್ಪುತ್ತದೆ.

ಮೊದಲು ಇನ್ವರ್ಟರನ್ನೂ ಗೋಡೆಯ ಸ್ವಿಚ್ಚನ್ನೂ ಆಫ್ ಮಾಡಿ, ಕಿಟಕಿ ತೆರೆಯಿರಿ. ಚಾರ್ಜ್ ಆಗುವಾಗ ಬ್ಯಾಟರಿಯ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಹೊರಬರುತ್ತದೆ. ನೀರು ಇಳಿಯುವುದಕ್ಕೆ ಮುಖ್ಯ ಕಾರಣವೇ ಅದು. ಹೈಡ್ರೋಜನ್ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಬೀಡಿ, ಊದುಬತ್ತಿ, ದೀಪ ಯಾವುದೂ ಹತ್ತಿರ ಬೇಡ. ದೇವರ ಕೋಣೆಗೆ ಅಂಟಿಕೊಂಡೇ ಬ್ಯಾಟರಿ ಇಟ್ಟ ಮನೆಗಳುಂಟು. ದಯವಿಟ್ಟು ಅದನ್ನು ಬೇರೆ ಕಡೆಗೆ ಸರಿಸಿ. ಬಳೆ, ಉಂಗುರ, ವಾಚು ತೆಗೆದಿಡಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸು ಇರಲಿ.

ಇನ್ನು ತುಂಬುವ ಕೆಲಸ. ಪೂರ್ತಿ ಚಾರ್ಜ್ ಆದ ಮೇಲೆ ತುಂಬುವುದು ಒಳ್ಳೆಯದು, ಏಕೆಂದರೆ ಚಾರ್ಜ್ ಆಗುತ್ತಾ ದ್ರವದ ಮಟ್ಟ ಏರುತ್ತದೆ. ಮೊದಲೇ ಕಂಠಪೂರ್ತಿ ಹಾಕಿದರೆ ಆಮ್ಲ ಉಕ್ಕಿ ಹೊರಬರುತ್ತದೆ. ಬ್ಯಾಟರಿಯ ಮೇಲ್ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದೊಂದೇ ಮುಚ್ಚಳ ಬಿಚ್ಚಿ, ಪ್ಲಾಸ್ಟಿಕ್ ಆಲಿಕೆಯಿಂದ ನಿಧಾನವಾಗಿ ಭಟ್ಟಿ ಇಳಿಸಿದ ನೀರು ಹಾಕಿ. ತೇಲುವ ಸೂಚಕದಲ್ಲಿ ಹಸಿರು ಗುರುತು ಬಂದ ಕೂಡಲೇ ನಿಲ್ಲಿಸಿ. ಬೋರ್‌ವೆಲ್ ನೀರು, ನಲ್ಲಿ ನೀರು ಬೇಡವೇ ಬೇಡ. ಆರ್‌ಒ ನೀರೂ ಬೇಡ. ಕುಡಿಯಲು ಅದು ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ಲವಣ ಅದರಲ್ಲಿ ಉಳಿದಿರುತ್ತದೆ, ಆ ಲವಣ ಸೀಸದ ಪ್ಲೇಟುಗಳನ್ನು ಕೆಡಿಸುತ್ತದೆ.

‘ಬ್ಯಾಟರಿ ವೀಕ್ ಆಗಿದೆ, ಸ್ವಲ್ಪ ಆಸಿಡ್ ಹಾಕಿ’ ಎನ್ನುವವರ ಮಾತು ಕೇಳಬೇಡಿ. ಬ್ಯಾಟರಿ ಖಾಲಿಯಾಗುತ್ತಾ ಹೋದಂತೆ ಆಮ್ಲದ ಸಲ್ಫೇಟ್ ಪ್ಲೇಟುಗಳಿಗೆ ಸೇರಿಕೊಳ್ಳುತ್ತದೆ, ದ್ರವ ತೆಳುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದರೆ ಅದು ದ್ರವಕ್ಕೆ ಮರಳುತ್ತದೆ. ಕಡಿಮೆಯಾಗುವುದು ನೀರು ಮಾತ್ರ, ಆಮ್ಲ ಎಲ್ಲಿಯೂ ಹೋಗಿರುವುದಿಲ್ಲ. ಮೇಲೆ ಮತ್ತಷ್ಟು ಆಮ್ಲ ಸುರಿದರೆ ಪ್ಲೇಟುಗಳು ಬೇಗ ಸವೆಯುತ್ತವೆ, ಅಷ್ಟೇ.

ಸೀಸ ಮತ್ತು ಈ ಆಮ್ಲದ ಜೋಡಿ ಬ್ಯಾಟರಿಗಿಂತಲೂ ಹಳೆಯದು. ಹಿಂದೆ ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ಚೆನ್ನಾಗಿ ಕಾಯಿಸಿ ಆಮ್ಲ ಇಳಿಸುತ್ತಿದ್ದರು, ಸಿಗುತ್ತಿದ್ದುದು ಸ್ವಲ್ಪವೇ. ಲಂಡನ್ ಬಳಿ ಜೋಶುವಾ ವಾರ್ಡ್ ಗಂಧಕವನ್ನು ಪೆಟ್ಲುಪ್ಪಿನ (ಪೊಟ್ಯಾಸಿಯಂ ನೈಟ್ರೇಟ್) ಜೊತೆ ಸುಟ್ಟು ದೊಡ್ಡ ಗಾಜಿನ ಬುರುಡೆಗಳಲ್ಲಿ ಹಿಡಿದ. ಗಾಜು ಒಡೆಯುತ್ತದಲ್ಲ! 1746ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಜಾನ್ ರೋಬಕ್ ಗಾಜಿನ ಬದಲು ಸೀಸದ ಕೋಣೆ ಕಟ್ಟಿಸಿದ. ಸೀಸದ ಮೇಲೆ ಕೂರುವ ಸಲ್ಫೇಟ್ ಪದರವೇ ಅದನ್ನು ಕಾಯುತ್ತಿತ್ತು. ಆಮ್ಲ ಅಗ್ಗವಾಯಿತು. 1859ರಲ್ಲಿ ಫ್ರಾನ್ಸಿನ ಗ್ಯಾಸ್ತೋಂ ಪ್ಲಾಂಟೆ ಅದೇ ಸೀಸವನ್ನು ಅದೇ ಆಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಬ್ಯಾಟರಿ ಮಾಡಿದ.

ಈಗಿನ ಕಾರ್ಖಾನೆಯ ದಾರಿಯನ್ನು 1831ರಲ್ಲೇ ಬ್ರಿಸ್ಟಲ್‌ನ ವಿನೆಗರ್ ವ್ಯಾಪಾರಿ ಪೆರೆಗ್ರಿನ್ ಫಿಲಿಪ್ಸ್ ಪೇಟೆಂಟ್ ಮಾಡಿಸಿದ್ದ. ಕಚ್ಚಾತೈಲ ಶುದ್ಧೀಕರಿಸುವಾಗ ಬರುವ ಗಂಧಕವನ್ನು (ನಮ್ಮ ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ಇದು ಸಿಗುತ್ತದೆ) ಕರಗಿಸಿ, ಒಣಗಾಳಿಯಲ್ಲಿ ಸುಟ್ಟರೆ ಸಲ್ಫರ್ ಡೈಆಕ್ಸೈಡ್. ಅದನ್ನು 400ರಿಂದ 450 ಡಿಗ್ರಿ ಸೆಲ್ಸಿಯಸ್ ಶಾಖದ ಆಸುಪಾಸಿನಲ್ಲಿ ಕ್ರಿಯೆಯ ವೇಗ ಹೆಚ್ಚಿಸುವ ವನೇಡಿಯಂ ಪೆಂಟಾಕ್ಸೈಡ್ ಹಾಸಿನ ಮೇಲೆ ಹಾಯಿಸಿದರೆ ಸಲ್ಫರ್ ಟ್ರೈಆಕ್ಸೈಡ್. ಇದರ ಬದಲು ಫಿಲಿಪ್ಸ್ ಬಳಸಿದ್ದು ದುಬಾರಿ ಪ್ಲಾಟಿನಂ. ಕೊನೆಯ ಹೆಜ್ಜೆಯಲ್ಲಿ ನೀರು ಬೆರೆಸಿದರೆ ಆಮ್ಲ ಸಿದ್ಧವಾಗಬೇಕಲ್ಲವೇ? ಆದರೆ ನೇರವಾಗಿ ಬೆರೆಸುವುದಿಲ್ಲ. ಈ ಅನಿಲಕ್ಕೆ ನೀರು ತಾಗಿದರೆ ಅತಿಯಾದ ಶಾಖ ಹುಟ್ಟಿ, ಹಿಡಿಯಲಾಗದ ಆಮ್ಲದ ಮಂಜು ಏಳುತ್ತದೆ. ಆದ್ದರಿಂದ ಸುಮಾರು 98 ಶೇಕಡಾ ಸಾಂದ್ರತೆಯ ಆಮ್ಲದಲ್ಲೇ ಅನಿಲವನ್ನು ಹೀರಿಸಿ, ಆಮೇಲೆ ಲೆಕ್ಕ ಹಾಕಿ ನೀರು ಸೇರಿಸುತ್ತಾರೆ.

ಕಾಲೇಜಿನ ಪ್ರಯೋಗಾಲಯದಲ್ಲಿ ‘ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ’ ಎಂದು ಗದರಿಸುವುದೂ ಇದಕ್ಕೇ. ಸಾಂದ್ರ ಆಮ್ಲ ನೀರಿಗಿಂತ ಸುಮಾರು 1.84 ಪಟ್ಟು ಭಾರ. ಅದಕ್ಕೆ ನೀರು ಸುರಿದರೆ ನೀರು ಮೇಲೆಯೇ ನಿಂತು, ಕುದಿದು, ಮುಖಕ್ಕೆ ಎರಚುತ್ತದೆ. ಬ್ಯಾಟರಿಯಲ್ಲಿರುವುದು ಮೊದಲೇ ತೆಳುಗೊಳಿಸಿದ ಆಮ್ಲ. ಅದಕ್ಕೇ ಅಲ್ಲಿ ಧೈರ್ಯವಾಗಿ ನೀರು ಹಾಕಬಹುದು.

ವರ್ಷಕ್ಕೆ 25 ಕೋಟಿ ಟನ್‌ಗೂ ಹೆಚ್ಚು ತಯಾರಾಗುವ ಈ ಆಮ್ಲದ ಅರ್ಧಕ್ಕಿಂತ ಹೆಚ್ಚು ಪಾಲು ಬೇಕಾಗುವುದು ಡಿಎಪಿ, ಸೂಪರ್ ಫಾಸ್ಫೇಟ್‌ನಂಥ ಗೊಬ್ಬರಕ್ಕೆ. ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯುವ ಮೈಲುತುತ್ತವನ್ನು ಮಾಡುವುದೂ ತಾಮ್ರಕ್ಕೆ ಈ ಆಮ್ಲ ಸೇರಿಸಿಯೇ. ಇಷ್ಟು ಉಪಕಾರಿಯಾದದ್ದನ್ನೇ ಹೆಣ್ಣುಮಕ್ಕಳ ಮುಖಕ್ಕೆ ಎರಚಿದವರಿದ್ದಾರೆ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ. 2013ರಲ್ಲಿ ಸುಪ್ರೀಂ ಕೋರ್ಟ್, ಗುರುತಿನ ಚೀಟಿ ಇಲ್ಲದೆ ಮತ್ತು 18 ವರ್ಷದೊಳಗಿನವರಿಗೆ ಆಸಿಡ್ ಮಾರಬಾರದೆಂದು ಹೇಳಿದೆ. ಕೇಳಿದವರಿಗೆಲ್ಲ ಕೊಡುವ ಅಂಗಡಿ ಕಂಡರೆ ದೂರು ಕೊಡಿ.

ಮೈಮೇಲೆ ಆಮ್ಲ ಬಿದ್ದರೆ ತಡಮಾಡದೆ ಬಟ್ಟೆ ತೆಗೆದು, ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ಅರಿಶಿನ, ಟೂತ್‌ಪೇಸ್ಟ್, ಸೋಡಾ ಹಚ್ಚಬೇಡಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ತೊಳೆಯುತ್ತಲೇ ಆಸ್ಪತ್ರೆಗೆ ಹೋಗುವ ಏರ್ಪಾಡು ಮಾಡಿ. ಅಡುಗೆ ಸೋಡಾ ನೆಲಕ್ಕೆ ಚೆಲ್ಲಿದ ಹನಿಗೆ, ಟರ್ಮಿನಲ್ ಮೇಲೆ ಕೂತ ಪುಡಿಗೆ ಸರಿ. ಆಗಲೂ ಬ್ಯಾಟರಿಯೊಳಗೆ ಹೋಗದಂತೆ ನೋಡಿಕೊಳ್ಳಿ.

ಎಲ್ಲ ಮುಚ್ಚಳ ಬಿಗಿಮಾಡಿ, ಮೇಲ್ಭಾಗ ಒರೆಸಿ ಒಣಗಿಸಿ, ನೀರು ತುಂಬಿದ ದಿನಾಂಕವನ್ನು ಬ್ಯಾಟರಿಯ ಮೇಲೆಯೇ ಮಾರ್ಕರ್‌ನಿಂದ ಬರೆದಿಡಿ.