ಗೋಡೆ ತಟ್ಟುವ ಡ್ವಾರ್ಫ್: ನನ್ನ ಅನುಭವ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದ, ಯೂರೋಪಿನವರು ಆಡುವ ಆರ್ಜೆಂಟ್ ಡಾನ್ ಸರ್ವರಿನಲ್ಲಿ ನನ್ನ ಡ್ವಾರ್ಫ್ (ಆ ಲೋಕದ ಗಿಡ್ಡ ಜನಾಂಗದವನು) ಪಾತ್ರ ಕಾಲೂರಿ ಎರಡು ವರ್ಷ ದಾಟಿತು. "ಇಂಗ್ಲಿಷ್ ಸರಾಗವಾಗಿ ಬಾರದವನಿಗೆ ರೋಲ್‌ಪ್ಲೇ ಒಗ್ಗುವುದಿಲ್ಲ, ಸುಮ್ಮನೆ ರೇಡ್ ಮಾಡಿಕೊಂಡಿರು" ಎಂದಿದ್ದ ಗೆಳೆಯರೇ (ರೋಲ್‌ಪ್ಲೇ ಎಂದರೆ ಪಾತ್ರವೇ ತಾನಾಗಿ ಮಾತಾಡುತ್ತ ಆಡುವುದು, ರೇಡ್ ಎಂದರೆ ಗುಂಪು ಕಟ್ಟಿ ದೊಡ್ಡ ಶತ್ರುಗಳೊಡನೆ ಕಾದುವುದು) ಈಗ ಹೇಗೆ ಮಾಡಿದೆಯೆಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೈಸುಟ್ಟುಕೊಂಡದ್ದನ್ನು ಹೇಳಿಬಿಡುತ್ತೇನೆ. ನನ್ನ ಮೊದಲ ಪಾತ್ರ ರಾಜ್ಯ ಕಳೆದುಕೊಂಡ, ಎಲ್ಫ್ ಜನಾಂಗದ ರಾಜಕುಮಾರ. ಪಾತ್ರದ ಪರಿಚಯವನ್ನು ಬೇರೆ ಆಟಗಾರರಿಗೆ ತೋರಿಸುವ ಟೋಟಲ್ ಆರ್‌ಪಿ 3 ಎಂಬ ಆಡ್‌ಆನ್‌ನ ಪ್ರೊಫೈಲಿನಲ್ಲಿ ಅವನ ಪೂರ್ವಕಥೆಯನ್ನು ನಾಲ್ಕು ಪುಟ ತುಂಬಿಸಿದ್ದೆ. ಯಾರೂ ಓದಲಿಲ್ಲ, ನಿಜ ಹೇಳಬೇಕೆಂದರೆ ಬೇರೆಯವರದ್ದನ್ನು ನಾನೂ ಓದಿದವನಲ್ಲ. ತುತ್ತಿಗೂ ಗತಿಯಿಲ್ಲದ ಪರದೇಶಿಯೆಂದು ಹೇಳಿಕೊಳ್ಳುತ್ತಿದ್ದ ಅವನ ಭುಜದ ಮೇಲೆ ಬೆಂಕಿಯುಗುಳುವ ಕವಚವಿತ್ತು. ಕೊನೆಗೆ ಶುಲ್ಕ ಕಟ್ಟಿ ಅವನನ್ನು ಡ್ವಾರ್ಫ್ ಮಾಡಿದೆ. ತಿಂಗಳಿಗೆ ಸುಮಾರು 13 ಯೂರೋ ಚಂದಾ, ಆ ಬದಲಾವಣೆಯ ಶುಲ್ಕ, ಕಾರ್ಡಿನವರ ಕಡಿತ ಎಲ್ಲ ಸೇರಿ ಮೊದಲ ಎಂಟು ತಿಂಗಳಲ್ಲಿ 13–14 ಸಾವಿರ ರೂಪಾಯಿ ಹೋಗಿರಬೇಕು. ರಾತ್ರಿ ಕರೆಂಟು ಹೋದರೆ ಆಟ ನಿಲ್ಲಬಾರದೆಂದು ಹಾಕಿಸಿದ ಇನ್ವರ್ಟರ್ ಬ್ಯಾಟರಿಯ ಲೆಕ್ಕವನ್ನು ಮನೆಯಲ್ಲಿ ಇಂದಿಗೂ ಹೇಳಿಲ್ಲ. ಚಳಿಗಾಲದಲ್ಲಿ ಯೂರೋಪಿನ ಬಹುಭಾಗದಲ್ಲಿ ಸಂಜೆ ಎಂಟಾದರೆ ಕೋಲಾರದಲ್ಲಿ ರಾತ್ರಿ ಹನ್ನೆರಡೂವರೆ. ಬೆಳಗಾದರೆ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ನನಗೆ ವಾರಕ್ಕೆ ಎರಡು ರಾತ್ರಿಗಿಂತ ಹೆಚ್ಚು ದಕ್ಕುತ್ತಿರಲಿಲ್ಲ.

ಡ್ವಾರ್ಫ್ ಆದ ಮೇಲೆ, ಆಟದ ಡ್ವಾರ್ಫ್‌ಗಳಂತೆ ಸ್ಕಾಟ್ಲೆಂಡಿನ ಧಾಟಿಯಲ್ಲಿ ಮಾತಾಡಹೋದೆ. ನಿಜವಾದ ಸ್ಕಾಟ್ಲೆಂಡಿನವರೊಬ್ಬರು ಎರಡು ಆವರಣಗಳ ನಡುವೆ (ಪಾತ್ರದಿಂದ ಹೊರಬಂದು ಆಡುವ ಮಾತನ್ನು ಹಾಗೆ ಬರೆಯುತ್ತಾರೆ), ಬಹಳ ವಿನಯದಿಂದ, "ತಮ್ಮದು ಯಾವ ಊರು?" ಎಂದು ಕೇಳಿದರು. ಅಂದೇ ಬಿಟ್ಟೆ.

ದಾರಿ ಸಿಕ್ಕಿದ್ದು ನನ್ನ ಸೋದರಮಾವನಿಂದ. 2001ರಲ್ಲಿ ಕೆಜಿಎಫ್ ಗಣಿ ಮುಚ್ಚುವವರೆಗೂ, ಮೂರು ಕಿಲೋಮೀಟರಿಗಿಂತ ಆಳವಿದ್ದ ಚಾಂಪಿಯನ್ ರೀಫ್‌ನಲ್ಲಿ ದುಡಿದ ಅವರು ಈಗಲೂ ಹೊಸ ಮನೆಗೆ ಹೋದರೆ ಕೂರುವ ಮೊದಲು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ, ಏಕೆಂದರೆ ಗಣಿಯೊಳಗೆ ಗಟ್ಟಿ ಬಂಡೆ ಖಣ್ಣೆನ್ನುತ್ತದೆ, ಸಡಿಲಾದದ್ದು ಟೊಳ್ಳಾಗಿ ಕೇಳುತ್ತದೆ. ನಾನು ನಾಲ್ಕು ಪುಟದ ಪೂರ್ವಕಥೆಯನ್ನು ಅಳಿಸಿ ಈ ಒಂದು ಅಭ್ಯಾಸವನ್ನು ಮಾತ್ರ ಡ್ವಾರ್ಫ್‌ಗೆ ಕೊಟ್ಟೆ. ಡ್ವಾರ್ಫ್‌ಗಳ ನಗರ ಐರನ್‌ಫೋರ್ಜ್‌ನ ಸ್ಟೋನ್‌ಫೈರ್ ಟಾವರ್ನ್ ಎಂಬ ಪಾನಗೃಹಕ್ಕೆ ಓಡದೆ ನಡೆದು ಬರುವುದು, ಒಂದು ಎಮೋಟ್‌ನಲ್ಲಿ (ಪಾತ್ರದ ಚರ್ಯೆಯನ್ನು ಹೇಳುವ ಸಾಲು) ಗೋಡೆ ತಟ್ಟುವುದು, ಬಾಗಿಲ ಬಳಿ ಕೂರುವುದು; ಅಷ್ಟೇ. ಮೂರು ವಾರ ಯಾರೂ ತಿರುಗಿ ನೋಡಲಿಲ್ಲ. ನಾಲ್ಕನೆಯ ವಾರ ಒಬ್ಬಾಕೆ ಏಕೆಂದು ಕೇಳಿದಾಗ "ಈ ಗೋಡೆ ಗಟ್ಟಿ. ಆ ಮೂಲೆ ಬೇಡ" ಎಂದಷ್ಟೇ ಬರೆದೆ. ಆ ಮೂಲೆಯಲ್ಲಿದ್ದ ಮೂವರು ಎದ್ದು ಬೇರೆಡೆ ಕೂತರು. ನನ್ನ ಮಾತಿಗೆ ಇನ್ನೊಬ್ಬರ ಪಾತ್ರ ಜಾಗ ಬದಲಿಸಿದ್ದು ಅದೇ ಮೊದಲು.

ಒಂದು ಸಂದೇಶಕ್ಕೆ 255 ಅಕ್ಷರಗಳ ಮಿತಿಯಿದ್ದರೂ ನಾನು ಅದರ ಅರ್ಧ ದಾಟುವುದಿಲ್ಲ. ಕನ್ನಡದಲ್ಲಿ ಯೋಚಿಸಿದ ಮಾತನ್ನು ಕತ್ತರಿಸಿ ಇಂಗ್ಲಿಷಿಗೆ ಇಳಿಸುವುದರಿಂದ, ಗೆಳೆಯರು ಆಡಿಕೊಂಡ ನನ್ನ ಭಾಷೆಯ ಬಡತನವೇ ಆ ಡ್ವಾರ್ಫ್‌ನ ಮಿತಮಾತಾಯಿತು. ನನಗೆ ಗೊತ್ತಿರುವ ಆಟದ ಇತಿಹಾಸವೂ ಅವನಿಗೆ ಗೊತ್ತಿಲ್ಲ. ಯುದ್ಧದ ಸುದ್ದಿ ಹೇಳಿದರೆ ಅವನು ದೀಪದೆಣ್ಣೆಯ ಬೆಲೆ ಕೇಳುತ್ತಾನೆ.

ನಡುವೆ ನಮ್ಮ ಗಾದೆಗಳನ್ನೂ ಅವನ ಬಾಯಲ್ಲಿ ಹಾಕಿ ನೋಡಿದೆ. "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಎಂಬುದು ಡ್ವಾರ್ಫ್‌ಗಳದ್ದೇ ಗಾದೆಯೆಂದು ನಂಬಿದವರುಂಟು. ಆದರೆ "ಅಂಗೈ ಹುಣ್ಣಿಗೆ ಕನ್ನಡಿ ಬೇಕೆ" ಎಂದಾಗ ಗಾಯ ಮಾಯಿಸಬಲ್ಲ ಪ್ರೀಸ್ಟ್ (ಪುರೋಹಿತ) ಪಾತ್ರದವನೊಬ್ಬ ಅರ್ಧ ಗಂಟೆ ನನ್ನ ಅಂಗೈಗೆ ಚಿಕಿತ್ಸೆ ಮಾಡಿದ.

ಕಳೆದ ವರ್ಷ ಮೂರು ರಾತ್ರಿ ನಡೆಸಿದ ಗಣಿ ಕುಸಿತದ ಪ್ರಸಂಗಕ್ಕೆ ಸುಮಾರು ಇಪ್ಪತ್ತು ಜನ ಬಂದರು, ಎರಡು ಗಿಲ್ಡ್‌ಗಳು (ಆಟಗಾರರ ಸಂಘಗಳು) ತಮ್ಮಲ್ಲಿಗೆ ಕರೆದವು. ಯಾರು ಬದುಕಿದರು ಎಂಬುದನ್ನು ನಾನು ಬರೆಯಲಿಲ್ಲ, ಒಂದರಿಂದ ನೂರರೊಳಗೆ ದಾಳದಂತೆ ಅಂಕಿ ಬೀಳಿಸುವ ಆಟದ ರೋಲ್‌ಗೆ ಬಿಟ್ಟೆ. ಕುಸಿಯುವ ಮುನ್ನ ಎಷ್ಟು ಹೊತ್ತು ಏನನ್ನೂ ಟೈಪ್ ಮಾಡದೆ ಕೂರಬೇಕೆಂಬುದಕ್ಕೆ ನನ್ನದೊಂದು ಲೆಕ್ಕವಿದೆ. ಅದು ನನ್ನಲ್ಲೇ ಇರಲಿ.

ಆಮೇಲೊಂದು ಭಾನುವಾರ ಮಾವನಿಗೆ ಡ್ವಾರ್ಫ್‌ನನ್ನು ತೋರಿಸಿದೆ. ಅವರು ಪರದೆಯನ್ನು ಬಹಳ ಹೊತ್ತು ನೋಡಿ, "ಏನೋ, ಗಣಿ ಕೆಲಸದವನು ಅಂತೀಯ, ತಲೆಗೆ ಟೋಪಿಯಿಲ್ಲವಲ್ಲೋ?" ಎಂದರು. ಅಂದು ರಾತ್ರಿಯೇ ಆಟದ ಹರಾಜುಮಳಿಗೆಯಲ್ಲಿ ಒಂದು ಟೋಪಿ ಕೊಂಡೆ.