ಹಳೆ ಪಿಕಪ್‌ಗೆ ಡೀಸೆಲ್ ಟ್ಯಾಂಕ್ ಹುಡುಕುತ್ತಿದ್ದೀರಾ?

ಹಳೆ ಬೊಲೆರೊ ಪಿಕಪ್, ಟಾಟಾ 207 ಇರುವವರಿಗೆ ಒಂದು ಮಾತು. ಟ್ಯಾಂಕ್ ಸೋರಿದರೆ ಎಂ-ಸೀಲ್ ಮೆತ್ತಿ ಎಷ್ಟು ದಿನ ಓಡಿಸ್ತೀರಿ? ಹೊಸದು ತರುವಾಗ ಸುಮ್ನೆ ಲೀಟರ್ ಲೆಕ್ಕ ಹೇಳಬೇಡಿ, ಹಳೆಯದನ್ನೇ ಬಿಚ್ಚಿ ಅಂಗಡಿಗೆ ಒಯ್ದು ಪಕ್ಕದಲ್ಲಿಟ್ಟು ನೋಡಿ: ಫ್ಲೋಟ್ (ಡೀಸೆಲ್ ಮಟ್ಟವನ್ನು ಮೀಟರ್‌ಗೆ ತಿಳಿಸುವ ತೇಲುಬುರುಡೆ) ಕೂರುವ ತೂತು, ಅದರ ಸ್ಕ್ರೂಗಳ ಅಂತರ, ಉಳಿದ ಡೀಸೆಲ್ ವಾಪಸ್ ಬರುವ ರಿಟರ್ನ್ ಪೈಪ್ ಇರುವ ಕಡೆ, ಟ್ಯಾಂಕ್ ಹಿಡಿದಿಡುವ ಪಟ್ಟಿ ಬಿಗಿಯುವ ಜಾಗ ಎಲ್ಲ ಒಂದೇ ಇರಬೇಕು. ಆಳ ಬೇರೆಯಾದರೆ ಮೀಟರ್ ಸುಳ್ಳು ಹೇಳುತ್ತದೆ.

ಗುಜರಿ ಮಾಲು ಅಗ್ಗ, ನಿಜ. ಆದರೆ ಫ್ಲೋಟ್ ತೂತಿನಿಂದ ಟಾರ್ಚ್ ಬಿಟ್ಟು ನೋಡಿ, ತಳದಲ್ಲಿ ಕೆಂಪು ಪುಡಿ ಕಂಡರೆ ಬಿಟ್ಟುಬಿಡಿ. ಹೊರಗಿನ ಹೊಸ ಪೇಂಟ್ ನಂಬಲೇಬೇಡಿ!

ಇನ್ನು ಜಿಐ ಶೀಟಿನಲ್ಲಿ ಮಾಡಿಸಿಕೊಳ್ಳುವ ಯೋಚನೆ ಬೇಡವೇ ಬೇಡ. ಅದರ ಸತುವಿನ ಲೇಪ ಡೀಸೆಲ್ ಜೊತೆ ಸೇರಿ ಗಸಿಯಾಗುತ್ತದೆ, ಫಿಲ್ಟರ್, ಎಂಜಿನ್‌ಗೆ ಡೀಸೆಲ್ ಸಿಂಪಡಿಸುವ ನಾಜಲ್ ಕಟ್ಟಿಕೊಳ್ಳುತ್ತವೆ. ಪಂಪ್ ಕೆಲಸದ ಖರ್ಚು ಗೊತ್ತಲ್ವಾ?

ಕೂರಿಸುವಾಗ ಪಟ್ಟಿಯ ಕೆಳಗಿನ ರಬ್ಬರ್ ಹೊಸದು ಹಾಕಿಸಿ, ತುಕ್ಕು ಜಾಸ್ತಿ ಹಿಡಿಯೋದು ಅಲ್ಲೇ. ಡೀಸೆಲ್ ಫಿಲ್ಟರನ್ನೂ ಅವತ್ತೇ ಬದಲಿಸಿ.